ನಿಲ್ಲಿಸಿದ ಸಾಲು

"ಇನ್ನಷ್ಟು ಮ್ಯಾಲೆ ಹಿಡಿ ಯವ್ವಾ, ತಲಿ ವಾಲಾಕತ್ತದ," ಎನ್ನುತ್ತ ಮಲ್ಲಟದ ರೈತ ಗಡಿಗೆಪ್ಪ ಗೋಡೆಯ ಮೊಳೆಗೆ ಬಿಳಿ ಬಟ್ಟೆಯ ತುದಿ ಕಟ್ಟಿದ. ವಿಜಯಲಕ್ಷ್ಮಿ ಸತ್ತ ಗಂಡನ ಗದ್ದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಚನ್ನವೀರನನ್ನು ಕೂಡಿಸಿಯಾಗಿತ್ತು. ವಿಭೂತಿ ಹಚ್ಚಿದ ಮೇಲೆ ಕಂಪ್ಯೂಟರ್ ಮುಂದೆ ತೂಕಡಿಸಿದವನಂತೆ ಕಂಡ.

ಕಲ್ಲೂರಿನ ಆ ಪಡಸಾಲೆಯಲ್ಲಿ ರೈತರೇ ತುಂಬಿದ್ದರು.

"ಮೊದಲು ಭತ್ತ ಒಯ್ದ್ರ ಮಿಲ್ಲಿನ ಮುಂದ ಮೂರು ದಿನ ಟ್ರ್ಯಾಕ್ಟರ್ ಕೆಳಗ ಮಲಗತಿದ್ವಿ," ಎಂದ ಗಡಿಗೆಪ್ಪ. "ಈ ಪುಣ್ಯಾತ್ಮ ಬಂದ ಮ್ಯಾಲೆ ಪಾಳಿ ಬಂದ್ರ ಫೋನಿಗೆ ಮೆಸೇಜು."

"ಮೂರು ದಿನ ನೀ ಮನ್ಯಾಗ ಇಲ್ಲಂದ್ರ ನಿನ್ನ ಹೆಂಡ್ತಿಗೆ ಹಬ್ಬ ಇತ್ತು. ಇವ ಕೆಡಿಸಿದ," ಎಂದಳು ಚನ್ನವೀರನ ಸೋದರತ್ತೆ ಗೋಪಮ್ಮ. ಯಾರೋ ನಕ್ಕು, ಹೆಣದ ಕಡೆ ನೋಡಿ ಬಾಯಿಗೆ ಟವೆಲ್ ಅಡ್ಡ ಹಿಡಿದರು.

*

ಚನ್ನವೀರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ಮೊದಮೊದಲು ಕರೆಂಟು ಹೋಗಿ ಸರ್ವರ್ ನಿಂತರೆ ಕಳಿಸಬೇಕಿದ್ದ ಸಂದೇಶಗಳೆಲ್ಲ ಅಳಿಸಿಹೋಗುತ್ತಿದ್ದವು. ಪಾಳಿ ತಪ್ಪಿದ ರೈತರು ಚನ್ನವೀರನ ಕಾಲರ್ ಹಿಡಿಯುತ್ತಿದ್ದರು. ಅದಕ್ಕೇ ಅವನು ಸರ್ವರ್‌ನೊಳಗೆ ಮೆಸೇಜ್ ಕ್ಯೂ, ಅಂದರೆ ಸಂದೇಶಗಳು ಕಾದು ನಿಲ್ಲುವ ಸಾಲು, ಕೂಡಿಸಿದ. ಪ್ರತಿ ನಂಬರಿಗೂ ಒಂದು ಸಾಲು. ತಲುಪಿತು ಎಂಬ ಉತ್ತರ ಬರುವವರೆಗೆ ಯಾವುದೂ ಅಳಿಯುವಂತಿಲ್ಲ. ಪರೀಕ್ಷೆಗೆ ಮೊದಲ ಸಾಲು ಹೆಂಡತಿಯದು.

ಒಂದೇ ಮಧ್ಯಾಹ್ನ ಅವಳ ಫೋನಿಗೆ ನಲವತ್ತು ಸಲ 'ಉಂಡ್ಯೇನು?' ಬಂತು.

"ನನ್ನ ಸಾಲು ಬಂದ್ ಮಾಡ್ರಿ. ತಲಿ ಚಿಟ್ಟ ಹಿಡದದ."

"ಮಾಡ್ತೀನಿ. ಆದ್ರ ನಾ ಕಳಿಸಿದ್ದು ಕಳಿಯಂಗಿಲ್ಲ, ಅಲ್ಲೇ ಕುಂತಿರ್ತದ."

"ಕುಂತಿರ್ಲಿ. ಮುದುಕಿ ಆದ ಮ್ಯಾಲೆ ಓದ್ತೀನಿ."

*

ಮಿಲ್ಲಿನ ಕಚೇರಿಯಲ್ಲಿ ಚನ್ನವೀರನ ಜೊತೆಗೆ ಕೆಲಸ ಮಾಡುತ್ತಿದ್ದ ರಾಹಿಲ್ ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಗೆ ಬಂದ. ವಿಜಯಲಕ್ಷ್ಮಿ ಬೆಳಗಿನಿಂದ ಎಲ್ಲರನ್ನೂ ಕೇಳಿದ್ದನ್ನೇ ಅವನನ್ನೂ ಕೇಳಿದಳು.

"ನನಗ ಒಂದು ಫೋನ್ ಯಾಕ ಹಚ್ಚಲಿಲ್ಲ ಅವರು?"

"ನಾ ನಿನ್ನೆ ದೇವದುರ್ಗಕ್ಕ ಹೋಗಿದ್ದೆ ವೈನೀ. ಅಣ್ಣ ಒಬ್ರೇ ಇದ್ರು. ಫೋನು ಮಗ್ಗಲ ಕೋಣ್ಯಾಗ ಚಾರ್ಜಿಗಿತ್ತು. ಎದಿ ನೋವಿಗೆ ಏಳಾಕ ಆಗಿಲ್ಲ. ಕುಂತಲ್ಲಿಂದನ ಕಂಪ್ಯೂಟರಿನಾಗ ನಿಮಗ ಬರದಾರ. ಮಧ್ಯಾಹ್ನ ಮೂರು ಹತ್ತಕ್ಕೊಂದು, ಮೂರು ಹದಿನಾಲ್ಕಕ್ಕೊಂದು, ಮೂರು ಇಪ್ಪತ್ತಕ್ಕೊಂದು." ಅವನು ಕಣ್ಣು ಒರೆಸಿಕೊಂಡ. "ನಿಮ್ಮ ಸಾಲು ನಿಲ್ಲಿಸಿದ್ದು ನೆನಪಾಗಿಲ್ಲ ಅನಸ್ತದ. ಮೂರೂ ಅಲ್ಲೇ ಅದಾವ."

ನಿನ್ನೆ ಮೂರು ಹತ್ತಕ್ಕೆ ಅವಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಫೋನು ಮಡಿಲಲ್ಲೇ ಇತ್ತು.

"ಮಾನ್ವಿಯಿಂದ ಮಠದ ಅಯ್ನೋರು ಬಂದ್ರು. ಎತ್ತೂಣು ನಡೀರಿ," ಎಂದು ಹೊರಗಿನಿಂದ ಯಾರೋ ಕೂಗಿದರು.

ರಾಹಿಲ್ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. "ನಾ ಓದಿಲ್ಲ ವೈನೀ, ಅಲ್ಲಾನ ಆಣಿ. ಮೊದಲಿಂದು ಉದ್ದ ಅದ. ಕಡೀದು ಬಾಳ ಸಣ್ಣದು. ಅಣ್ಣನ್ನ ಮಣ್ಣಿಗೆ ಒಯ್ಯೂ ಮೊದಲ ನೀವು ಓದಬೇಕು. ಈಗ ಸಾಲು ಬಿಟ್ರ ನಿಮ್ಮ ಫೋನಿಗೆ ಬರ್ತಾವ. ಬಿಡ್ಲೇನು?"

"ಬ್ಯಾಡ."

"ನಾಳೆರ ಬಂದು..."

"ನಾಳಿನೂ ಬ್ಯಾಡ," ಎಂದಳು ವಿಜಯಲಕ್ಷ್ಮಿ. "ಮುದುಕಿ ಆದ ಮ್ಯಾಲೆ ಓದ್ತೀನಿ ಅಂತ ಅವರಿಗೆ ಹೇಳೀನಿ, ಅಲ್ಲೀತನ ಕುಂತಿರ್ಲಿ."