ಇವೋನನ ಸೈಕಲ್ಲಿನಲ್ಲಿ ಏನಿದೆ

ರೊಕ್‌ಮೊರೆಲ್ ಕೋಟೆಯ ದಿಬ್ಬ ಹತ್ತುವಾಗ ಯಾರೂ ಮಾತಾಡುವುದಿಲ್ಲ. ಮಾತಾಡಲು ಉಸಿರನ್ನು ಎಲ್ಲಿಂದ ತರಬೇಕು? ಹೊಳೆಯ ಸೇತುವೆ ದಾಟಿದ್ದೇ ರಸ್ತೆ ಎದೆಗೇ ಬಂದು ನಿಲ್ಲುತ್ತದೆ. ಅಂಥ ಕಡೆ ಆ ಭಾನುವಾರ ಬೆಳಿಗ್ಗೆ ಇವೋನ್ ಹಿಂದಿನಿಂದ ಬಂದು, ನೋರ್ಬೆರನ ಪಕ್ಕಕ್ಕೆ ಸೈಕಲ್ ತಂದು, ಸಂತೆಗೆ ಹೊರಟವನ ಹಾಗೆ ಮಾತಾಡಿದ.

"ಏನೋ ನೋರ್ಬೆರ್, ರಾತ್ರಿ ಬಾತುಕೋಳಿ ಊಟ ಜಾಸ್ತಿ ಆಯ್ತಾ? ಬಾ ಬಾ, ನಿಧಾನಕ್ಕೇ ಬಾ. ಮೇಲೆ ಕಾಯ್ತಿರ್ತೀನಿ."

ಹೇಳಿದವನು ಹೋಗಿಯೇಬಿಟ್ಟ. ಸೀಟಿನಿಂದ ಎದ್ದು ನಿಲ್ಲಲೂ ಇಲ್ಲ. ನೋರ್ಬೆರ್ ಹಲ್ಲು ಕಚ್ಚಿ ತುಳಿದೇ ತುಳಿದ. ತಿರುವಿನಲ್ಲಿ ಒಂದು ಸಲ ಇವೋನನ ಬೆನ್ನು ಕಂಡಿತು, ಆಮೇಲೆ ಅದೂ ಇಲ್ಲ. ಮೇಲೆ ತಲುಪಿದಾಗ ಇವೋನ್ ಚರ್ಚಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ನೀರಿನ ಬಾಟಲಿ ಬರಿದು ಮಾಡುತ್ತಿದ್ದ.

ಕೋಟೆಯ ಪಕ್ಕದ ಆ ಚರ್ಚಿನ ಬಾಗಿಲನ್ನು ಯಾರು ಮೊದಲು ಅಂಗೈಯಿಂದ ಮುಟ್ಟುತ್ತಾನೋ ಅವನೇ ಆ ವಾರದ ದೊರೆ. ಅದು ಊರಿನ ಸೈಕಲ್ ಸಂಘದ ಪದ್ಧತಿ. ವಯಸ್ಸಾಗಿ ಮೊಣಕಾಲು ಕಿರುಗುಟ್ಟುವವರೂ ಈ ಬಾಗಿಲಿಗಾಗಿ ಪ್ರಾಣ ಬಿಡುತ್ತಾರೆ. ಮೂವತ್ತು ವರ್ಷದಿಂದ ಹೆಚ್ಚಿನ ವಾರ ದೊರೆ ನೋರ್ಬೆರನೇ. ಇವೋನನೋ, ಮೂವತ್ತು ವರ್ಷವೂ ಕೊನೆಯವನು. ಹಿಟ್ಟಿನ ಮೂಟೆಯಂಥ ಮೈ ಹೊತ್ತುಕೊಂಡು, ಕೆಂಪಗೆ ಬೆಂದು ಬರುತ್ತಿದ್ದ. ಉಳಿದವರು ಕೋಟೆಯ ಗೋಡೆಗೆ ಒರಗಿ ಚಪ್ಪಾಳೆ ತಟ್ಟುತ್ತಿದ್ದರು. ಅವನು ಬೇಸರ ಮಾಡಿಕೊಂಡದ್ದೇ ಇಲ್ಲ.

ಇಬ್ಬರ ಅಂಗಡಿಯೂ ಒಂದೇ ಬೀದಿಯಲ್ಲಿ ಎದುರುಬದುರು. ಇವೋನ್ ಬ್ರೆಡ್ಡು ಸುಡುವವನು, ನೋರ್ಬೆರ್ ಮಾಂಸ ಕಡಿಯುವವನು. ಈಗ ಅಂಗಡಿಗಳು ಬೇರೆಯವರ ಪಾಲಾಗಿವೆ. ಸೈಕಲ್ಲೊಂದು ಉಳಿದಿದೆ. ಸೈಕಲ್ಲಿನ ವಿಷಯದಲ್ಲಿ ನೋರ್ಬೆರ್ ಎಂದರೆ ಎಲ್ಲರಿಗೂ ಸ್ವಲ್ಪ ಭಯವೇ. ಒಮ್ಮೆ ಇದೇ ದಿಬ್ಬದಲ್ಲಿ ಟ್ರ್ಯಾಕ್ಟರಿನ ಮೇಲಿದ್ದ ಯಾರೋ ತಮಾಷೆಗೆ ಅವನ ಬೆನ್ನಿಗೆ ಕೈಕೊಟ್ಟು ನಾಲ್ಕು ಮಾರು ದೂಡಿದ್ದರು. ಮಹಾರಾಯ ಅಲ್ಲಿಂದಲೇ ತಿರುಗಿ ಸೇತುವೆಗೆ ಇಳಿದು ಮತ್ತೆ ಮೊದಲಿನಿಂದ ಹತ್ತಿದ. ಅಂಥವನ ಮುಂದೆ ಅಡ್ಡದಾರಿಯ ಮಾತೆತ್ತುವ ಧೈರ್ಯ ಯಾರಿಗಿತ್ತು?

ಅಂಥವನನ್ನು ಇವೋನ್ ನಾಲ್ಕು ಭಾನುವಾರದಿಂದ ಸೋಲಿಸುತ್ತಿದ್ದ. ಅದಕ್ಕೇ ನೋರ್ಬೆರನ ಹೊಟ್ಟೆಯೊಳಗೆ ಅನುಮಾನ ಹೊಕ್ಕಿತು. ಹೊಕ್ಕಿದ್ದು ಸುಮ್ಮನೆ ಕೂರಲಿಲ್ಲ.

ಈಸ್ಟರಿಗೆ ಇವೋನ್ ಹೊಸ ಸೈಕಲ್ ತಂದಿದ್ದ. ಕರೀ ಬಣ್ಣ, ನಡುವಿನ ಕೊಳವೆ ತೋಳಿನಷ್ಟು ದಪ್ಪ. ಅಂಥ ಕೊಳವೆಯೊಳಗೆ ಬೆರಳುದ್ದದ ಮೋಟಾರು ಕೂರಿಸಿ ಲೋಕದ ಕಣ್ಣಿಗೆ ಮಣ್ಣೆರಚುವವರ ಸುದ್ದಿಯನ್ನು ನೋರ್ಬೆರ್ ಟೀವಿಯಲ್ಲಿ ನೋಡಿದ್ದ. ಸೈಕಲ್ ಬಂದಮೇಲೆಯೇ ಇವೋನ್ ಹಗುರಾಗಿ ಹತ್ತತೊಡಗಿದ್ದು. ಇನ್ನೊಂದು ಸಂಗತಿ, ಸ್ಮಶಾನದ್ದು. ಆ ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆಲ್ಲ ಗೊತ್ತು, ನೀರು ಬೇಕಾದರೆ ಸ್ಮಶಾನಕ್ಕೆ ಹೋಗಬೇಕು. ಗೋರಿಯ ಹೂಗಿಡಕ್ಕೆ ಹಾಕಲೆಂದು ಪ್ರತಿ ಊರಿನ ಸ್ಮಶಾನದಲ್ಲೂ ಒಂದು ನಲ್ಲಿ ಇದ್ದೇ ಇರುತ್ತದೆ. ಉಳಿದವರು ಇಡೀ ಬೆಳಿಗ್ಗೆಗೆ ಒಂದು ಸಲ ನಿಂತರೆ ಇವೋನ್ ಸಿಕ್ಕ ಸ್ಮಶಾನಕ್ಕೆಲ್ಲ ನುಗ್ಗುತ್ತಿದ್ದ. ಸೈಕಲ್ಲನ್ನೂ ಒಳಗೇ ಒಯ್ಯುತ್ತಿದ್ದ. ಗೋಡೆಯ ಆಚೆ ಅಷ್ಟು ಹೊತ್ತು ಏನು ಕೆಲಸ?

ಒಂದು ದಿನ ನೋರ್ಬೆರ್ ಬೆನ್ನುಹತ್ತಿಯೇ ಹೋದ. ಇವೋನ್ ನಲ್ಲಿಗೆ ಬಾಯಿ ಕೊಟ್ಟು ದನದ ಹಾಗೆ ಕುಡಿಯುತ್ತಿದ್ದ.

"ಬಾಯಾರಿಕೆ ಕಣೋ," ಎಂದು ಕಳ್ಳನಗೆ ನಕ್ಕ.

ಅಕ್ಟೋಬರಿನ ಮಂಜು. ಉಸಿರು ಬಿಟ್ಟರೆ ಹೊಗೆ ಏಳುತ್ತಿತ್ತು. ಈ ಚಳಿಯಲ್ಲಿ ಯಾರಿಗೆ ಬಾಯಾರಿಕೆ? ಬ್ಯಾಟರಿ ಬಿಸಿಯಾಗಿರಬೇಕು, ತಣಿಯಲಿ ಎಂದು ನಿಲ್ಲುತ್ತಾನೆ, ನೀರಿನದು ಬರೀ ನಾಟಕ ಎಂದು ನೋರ್ಬೆರ್ ತೀರ್ಮಾನಿಸಿದ.

ಆ ಭಾನುವಾರವೂ ದಿಬ್ಬ ಇಳಿದ ಮೇಲೆ ಎಲ್ಲರೂ ಫಾಬಿಯೆನ್ನಳ ಕಾಫಿ ಅಂಗಡಿಗೆ ಬಂದರು. ದೊರೆಗೆ ಕಿಟಕಿಯ ಪಕ್ಕದ ಕುರ್ಚಿ. ಇವೋನ್ ಮುಖ ಇಷ್ಟಗಲ ಮಾಡಿಕೊಂಡು ಕೂತ.

"ಏನ್ ಇವೋನ್, ದಿನದಿನಕ್ಕೂ ಹುಡುಗ ಆಗ್ತಿದ್ದೀಯ," ಎಂದಳು ಫಾಬಿಯೆನ್. "ಇನ್ನೊಂದು ಮದುವೆ ಮಾಡಬೋದು ನಿಂಗೆ."

"ಮಿರೇಯ್‌ನ ಕೇಳಿ ಹೇಳ್ತೀನಿ," ಎಂದ ಇವೋನ್, ಹೆಂಡತಿಯ ಹೆಸರೆತ್ತಿ. "ಬೆಣ್ಣೆ ಬಿಟ್ಟೆ, ಅಷ್ಟೇ ನೋಡು."

"ಜನ್ಮವಿಡೀ ಬೆಣ್ಣೇಲೇ ಕೈ ಅದ್ದಿದವನು ಬೆಣ್ಣೆ ಬಿಟ್ನಂತೆ," ಎಂದ ನೋರ್ಬೆರ್. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಬೆಣ್ಣೆ ಕತೆ ಇರ್ಲಿ. ನಿನ್ನ ಸೈಕಲ್ಲು ಒಂದಿನ ನಂಗೆ ಕೊಡು. ಬಿಚ್ಚಿ ನೋಡ್ತೀನಿ."

ಒಬ್ಬರೂ ನೋರ್ಬೆರನ ಮುಖ ನೋಡಲಿಲ್ಲ, ಎಲ್ಲರೂ ಲೋಟ ನೋಡಿದರು. ಅಂದರೆ ಈ ಯೋಚನೆ ಅವರಿಗೂ ಬಂದಿದೆ!

"ಬಿಚ್ಚೋಕೆ ಅದೇನು ಹಂದೀನಾ?" ಎಂದ ಇವೋನ್. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ಮೂವತ್ತು ವರ್ಷ ಕೊನೇಲಿ ಬಂದೆ. ನಿಂಗೆ ಚಪ್ಪಾಳೆ ತಟ್ಟಿದೆ. ಈಗ ನಾಲ್ಕು ಭಾನುವಾರ ನಿಂಗೆ ತಡ್ಕೊಳೋಕೆ ಆಗ್ಲಿಲ್ವಲ್ಲೋ."

ಸೈಕಲ್ ಕೊಡುತ್ತೇನೆ ಎಂದು ಮಾತ್ರ ಅವನು ಹೇಳಲಿಲ್ಲ. ನೋರ್ಬೆರ್ ಅದನ್ನೇ ಹಿಡಿದುಕೊಂಡ.

ಗುರುವಾರ ಊಟದ ಹೊತ್ತು ಕಳೆದ ಮೇಲೆ ಅವನು ಇವೋನನ ಮನೆಯ ಹಿಂದಿನ ಕೊಟ್ಟಿಗೆಗೆ ಹೋದ. ಈಚೆಗೆ ಇವೋನ್ ಮಧ್ಯಾಹ್ನವಿಡೀ ಮಲಗುತ್ತಾನೆಂದು ಮಿರೇಯ್ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಕೊಟ್ಟಿಗೆಗೆ ಬೀಗವಿಲ್ಲ. ಒಣಗಲು ಹರವಿದ ಆಕ್ರೋಟು ಕಾಯಿಗಳನ್ನು ದಾಟಿ, ಸೈಕಲ್ಲನ್ನು ಹೆಗಲಿಗೇರಿಸಿ, ಹಿತ್ತಲ ದಾರಿಯಲ್ಲಿ ತನ್ನ ಮನೆಯ ಹಿಂದಿರುವ, ಆಗೆಲ್ಲ ಮಾಂಸ ಕಡಿಯುತ್ತಿದ್ದ ಕೋಣೆಗೆ ತಂದ. ಗೆಳೆಯನ ಮನೆಗೆ ಕನ್ನ ಹಾಕಿದ ನಾಚಿಕೆ ಒಂದಿಷ್ಟಿತ್ತು, ಸುಳ್ಳಲ್ಲ. ಆದರೆ ಕಳ್ಳನನ್ನು ಹಿಡಿಯುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಕೋಣೆಯ ತೊಲೆಯಲ್ಲಿ ತೂಕದ ಕೊಕ್ಕೆ ಇನ್ನೂ ತೂಗುತ್ತಿತ್ತು. ಮೇಲೆ ಮುಳ್ಳಿನ ದುಂಡು ತಟ್ಟೆ, ಕೆಳಗೆ ಕಬ್ಬಿಣದ ಕೊಕ್ಕೆ. ನೋರ್ಬೆರ್ ಸೈಕಲ್ಲನ್ನು ನೇತುಹಾಕಿದ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು. ಅವನ ಸ್ವಂತ ಸೈಕಲ್ಲೇ ಇದಕ್ಕಿಂತ ಭಾರ. ಇಳಿಸಿ, ಸೀಟಿನ ಕಂಬ ಕಿತ್ತು, ಟಾರ್ಚು ಬಿಟ್ಟು ಕೊಳವೆಯೊಳಗೆ ಇಣುಕಿದ. ಬಡಿದು ಕಿವಿಗೊಟ್ಟ. ಗಾಳಿ, ಬರೀ ಗಾಳಿ. ಒಂದು ತಂತಿಯ ಚೂರೂ ಇಲ್ಲ.

"ಸಿಕ್ತಾ?"

ಬಾಗಿಲಲ್ಲಿ ಇವೋನ್ ನಿಂತಿದ್ದ. ಮಲಗಿದ್ದ ಅಂಗಿಯಲ್ಲೇ ಬಂದಿದ್ದ. ಹಿಂದೆ ಮಿರೇಯ್, ಕೈಯಲ್ಲಿ ಒಗೆದ ಬಟ್ಟೆ. ಹಿತ್ತಲಲ್ಲಿ ಬಟ್ಟೆ ಹರವುವಾಗ ಅವಳೇ ಕಂಡಿರಬೇಕು.

ನೋರ್ಬೆರನ ಕೈಯಲ್ಲಿ ಸೀಟು ಹಾಗೇ ಉಳಿಯಿತು. "ಇಲ್ಲ," ಎಂದ.

"ಸರಿಯಾಗಿ ನೋಡು. ಚಕ್ರನೂ ಬಿಚ್ಚು. ಬೆಲ್ಲಿನ ಒಳಗೆ ಇಟ್ಟಿದ್ದೀನೇನೋ."

"ಥೂ, ನಿಮ್ಮ ಸ್ನೇಹಕ್ಕಿಷ್ಟು ಬೆಂಕಿ ಹಾಕ," ಎಂದಳು ಮಿರೇಯ್. "ನಿಮ್ಮ ಹೆಂಡ್ತಿ ಜಿನೆತ್ ತೀರ್ಕೊಂಡಾಗ ಆರು ತಿಂಗಳು ನಮ್ಮನೇಲಿ ಉಂಡಿದ್ದೀರಿ ನೀವು. ಅದೇ ಮನೆ ಕೊಟ್ಟಿಗೆಗೆ ನುಗ್ತೀರಾ?"

"ಬಿಡು ಮಿರೇಯ್, ಇವನಿಗೆ ತೂಕ ನೋಡ್ಬೇಕು ತಾನೇ, ನೋಡ್ಲಿ." ಇವೋನನಿಗೆ ಸಿಟ್ಟು ನೆತ್ತಿಗೇರಿತ್ತು. ಸರಸರನೆ ಬಂದು ಎರಡೂ ಕೈಯಿಂದ ಕೊಕ್ಕೆ ಹಿಡಿದ. "ಮೋಟಾರು ನಾನೇ ನುಂಗಿರ್ಬೇಕು. ತೂಗು ನನ್ನ."

ಹೀಗೆಂದು ಕಾಲು ಮಡಚಿ ಜೋತುಬಿದ್ದ.

ಅದು ಅವರಿಬ್ಬರ ಹಳೆಯ ಆಟವೇ. ಪ್ರತಿ ಚಳಿಗಾಲ ಹಂದಿ ಕಡಿದ ದಿನ, ವೈನು ಏರಿದ ಮೇಲೆ, ಇವೋನ್ ಹೀಗೆಯೇ ಕೊಕ್ಕೆಗೆ ಜೋತುಬೀಳುತ್ತಿದ್ದ. ನೋರ್ಬೆರ್ ಮುಳ್ಳು ನೋಡಿ, ಇದು ಆ ಹಂದಿಗಿಂತ ಒಳ್ಳೇ ಮಾಲು ಎಂದು ಕೂಗುತ್ತಿದ್ದ. ಇವೋನನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಕಣ್ಣು ಮುಚ್ಚಿಯೂ ಹೇಳಬಲ್ಲವನಾಗಿದ್ದ. ಈಗ ಮುಳ್ಳು ಆ ಜಾಗದ ಹತ್ತಿರಕ್ಕೂ ಹೋಗಲಿಲ್ಲ. ಇಪ್ಪತ್ತು ಕಿಲೋ ಈಚೆಗೇ ನಿಂತುಬಿಟ್ಟಿತು. ತೋಳೆತ್ತಿದ್ದಕ್ಕೆ ಅಂಗಿ ಮೇಲೆ ಸರಿದಿತ್ತು. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಇಳಿಬಿದ್ದಿತ್ತು.

ಹೊಲದಲ್ಲಿ ಮೇಯುವ ಕರುವಿನ ತೂಕವನ್ನು ಬೇಲಿಯಾಚೆಯಿಂದಲೇ ಹೇಳುತ್ತಿದ್ದ ಮುಠ್ಠಾಳ, ವಾರಕ್ಕೆರಡು ದಿನ ಈ ಮನುಷ್ಯನ ಹಿಂದೆಯೇ ಸೈಕಲ್ ತುಳಿದೂ ಕಬ್ಬಿಣವನ್ನಷ್ಟೇ ನೋಡುತ್ತಿದ್ದೆಯಲ್ಲ ಎಂದು ನೋರ್ಬೆರ್ ತನ್ನನ್ನೇ ಶಪಿಸಿಕೊಂಡ. ಸೈಕಲ್ ತುಳಿಯುವವರ ಹಣೆಬರಹವೇ ಅದು. ಒಬ್ಬ ತೆಳ್ಳಗಾದರೆ ಹೊಟ್ಟೆಕಿಚ್ಚು ಪಡುತ್ತಾರೆ, ಏನು ತಿನ್ನುತ್ತೀಯ ಎಂದು ಗುಟ್ಟು ಕೇಳುತ್ತಾರೆ. ಏಕೆ ತೆಳ್ಳಗಾದೆ ಎಂದು ಕೇಳುವುದಿಲ್ಲ. ಜಿನೆತ್ ಕೂಡ ಮೊದಮೊದಲು ಖುಷಿಪಟ್ಟಿದ್ದಳು. ಹಳೆಯ ಲಂಗ ಮತ್ತೆ ಸೊಂಟಕ್ಕೆ ಹಿಡಿಯಿತೆಂದು ಕನ್ನಡಿಯ ಮುಂದೆ ತಿರುಗಿದ್ದಳು. ಚೆಂದ ಕಾಣ್ತೀಯ ಎಂದು ನೋರ್ಬೆರನೇ ಹೇಳಿದ್ದ. ಅವಳೂ ಎಷ್ಟು ಕುಡಿದರೂ ಬಾಯಾರಿಕೆ ಎನ್ನುತ್ತಿದ್ದಳು, ಅವಳೂ ಮಧ್ಯಾಹ್ನವೆಲ್ಲ ಮಲಗುತ್ತಿದ್ದಳು. ಡಾಕ್ಟರು ಹೊಟ್ಟೆಯೊಳಗಿನ ಗಡ್ಡೆಯನ್ನು ಕಂಡುಹಿಡಿಯುವಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

"ಇಳಿ," ಎಂದ ನೋರ್ಬೆರ್. "ಇವೋನ್, ಇಳಿ ಮಾರಾಯ. ಡಾಕ್ಟರ ಹತ್ರ ಹೋಗು. ನಾಳೇನೇ ಹೋಗು."

ಇವೋನ್ ಇಳಿದು ಅಂಗೈ ಒರೆಸಿಕೊಂಡ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕ.

"ಭಲೇ. ಮೋಟಾರು ಸಿಗ್ಲಿಲ್ಲ, ಈಗ ಕಾಯಿಲೆ ಅಂಟಿಸ್ತಿದ್ದೀಯ. ಹೇಗಾದ್ರೂ ಮಾಡಿ ನನ್ನ ಸೈಕಲ್ಲಿಂದ ಇಳಿಸ್ಬೇಕು, ಅಲ್ವಾ?"

"ಜಿನೆತ್‌ಗೂ ಹೀಗೇ—"

"ಸತ್ತವಳನ್ನ ಯಾಕೆ ಎಳೀತೀರ?" ಎಂದಳು ಮಿರೇಯ್. ಆದರೆ ಅವಳ ಕಣ್ಣು ಗಂಡನ ಅಂಗಿಯ ಮೇಲೆ ಒಂದು ಗಳಿಗೆ ನಿಂತು ಹೋಯಿತು.

"ಯಾವತ್ತೂ ಇಷ್ಟು ಹಗುರಾಗಿರ್ಲಿಲ್ಲ ನಾನು," ಎಂದ ಇವೋನ್. "ರೆಕ್ಕೆ ಬಂದ ಹಾಗಿದೆ. ನಿನ್ನ ಮಾತು ಕೇಳಿ ಅದನ್ನ ಕಳ್ಕೊಳ್ಲಾ?"

ನೋರ್ಬೆರ್ ಬೇಡಿಕೊಂಡ, ಬೈದ, ಆಣೆಯಿಟ್ಟ. ಏನೂ ನಡೆಯಲಿಲ್ಲ. ಯಾರು ನಂಬಬೇಕು? ಫಾಬಿಯೆನ್ನಳ ಅಂಗಡಿಯಲ್ಲಿ ಎಲ್ಲರೆದುರು ಕಳ್ಳನೆಂದವನು, ಕೊಟ್ಟಿಗೆಗೆ ನುಗ್ಗಿದವನು, ಈಗ ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರೆ? ಇವೋನನ ಜಾಗದಲ್ಲಿದ್ದರೆ ನೋರ್ಬೆರ್ ತಾನೂ ನಂಬುತ್ತಿರಲಿಲ್ಲ. ಕೊನೆಗೆ ದಾರಿ ಕಾಣದೆ ಹೇಳಿದ:

"ಭಾನುವಾರ ನಾನು ಮೊದ್ಲು ಬಾಗಿಲು ಮುಟ್ಟಿದ್ರೆ ಬರ್ತೀಯ ಡಾಕ್ಟರ ಹತ್ರ?"

"ನೀನಾ? ಆ ಹೊಟ್ಟೆ ಹೊತ್ಕೊಂಡು? ಮುಟ್ಟು, ಬರ್ತೀನಿ. ಬೇಕಾದ್ರೆ ಅಂಬುಲೆನ್ಸಲ್ಲೇ ಬರ್ತೀನಿ."

ಭಾನುವಾರ ಮಂಜು ಇನ್ನೂ ದಟ್ಟವಾಗಿತ್ತು. ಸೇತುವೆ ದಾಟಿದ್ದೇ ಇವೋನ್ ಮುಂದೆ ಹೋದ. ಯಾರಿಗೂ ಕಾಯಲಿಲ್ಲ, ಯಾರನ್ನೂ ರೇಗಿಸಲಿಲ್ಲ. ನೋರ್ಬೆರ್ ಮೊದಲ ತಿರುವಿನ ತನಕ ನಿಯತ್ತಿನಿಂದ ತುಳಿದ. ಎದೆ ಸೀಳುವ ಹಾಗೆ ತುಳಿದ. ಆಗುವುದಿಲ್ಲ ಎಂದು ಅಲ್ಲಿಯೇ ಗೊತ್ತಾಯಿತು. ಆ ತಿರುವಿನಲ್ಲಿ ಕೋಟೆಗೆ ಸೇರಿದ ಮರಗಳ ತೋಪಿನ ಹಳೆಯ ಗೇಟಿದೆ. ಸೌದೆ ಗಾಡಿಗಾಗಿ ಅದನ್ನು ತೆರೆದಿಟ್ಟಿದ್ದರು. ರಸ್ತೆ ಬೆಟ್ಟವನ್ನು ಸುತ್ತಿಕೊಂಡು ಏರಿದರೆ, ಗೇಟಿನಿಂದ ಕಾಲುಹಾದಿ ಚೆಸ್ಟ್‌ನಟ್ ಮರಗಳ ನಡುವೆ ನೆಟ್ಟಗೆ ಚರ್ಚಿನ ಹಿಂದಕ್ಕೆ ಹತ್ತುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಆ ಗೇಟಿನ ಕಡೆ ಯಾರೂ ಹ್ಯಾಂಡಲ್ ತಿರುಗಿಸಿರಲಿಲ್ಲ.

ನೋರ್ಬೆರ್ ಹಿಂದೆ ನೋಡಿದ. ಮಂಜಿನಲ್ಲಿ ಯಾರೂ ಕಾಣಲಿಲ್ಲ. ನಾಚಿಕೆಯಿಂದ ಕಿವಿ ಕಾದವು. ಸೈಕಲ್ಲನ್ನು ಹೆಗಲಿಗೆ ಹಾಕಿ ತೋಪಿನೊಳಗೆ ನುಗ್ಗಿದ. ಕೆಸರಿನಲ್ಲಿ ಜಾರಿದ, ಮಂಡಿಯೂರಿದ, ಬೇರು ಹಿಡಿದು ಎದ್ದ. ಚರ್ಚಿನ ಹಿಂಬದಿಗೆ ಬಂದು, ಗೋಡೆ ಸುತ್ತಿ ಓಡಿ, ಎರಡೂ ಅಂಗೈಯನ್ನು ಬಾಗಿಲಿಗೆ ಒತ್ತಿ ನಿಂತ. ಉಸಿರು ಮರಳುವ ಮೊದಲೇ ಇವೋನ್ ಬಂದ.

ಇವೋನ್ ಸೈಕಲ್ಲಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಕೊಟ್ಟು ನೋಡಿದ. ಮೊಣಕಾಲಿನ ತನಕ ಕೆಸರು, ಕಾಲುಚೀಲಕ್ಕೆ ಅಂಟಿದ ಚೆಸ್ಟ್‌ನಟ್ಟಿನ ಮುಳ್ಳುಸಿಪ್ಪೆ, ಚಕ್ರಕ್ಕೆ ಸುತ್ತಿದ ಕೊಳೆತ ಎಲೆ.

"ತೋಪಲ್ಲಿ ಬಂದೆ."

"ಹೂಂ."

"ನೀನು? ಅಡ್ಡದಾರೀಲಿ?"

"ನಾನೇ."

ನೋರ್ಬೆರನ ಮುಖವನ್ನೇ ನೋಡುತ್ತ ನೋಡುತ್ತ ಇವೋನನ ಮುಖದ ರಕ್ತ ಇಳಿಯಿತು. ಗುರುವಾರ ಅಷ್ಟು ಆಣೆಗಳಿಂದ ಆಗದ್ದು ಈಗ ಆಗಿತ್ತು. ಅವನಿಗೆ ಹೆದರಿಕೆ ಹುಟ್ಟಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಮೆಲ್ಲಗೆ ಕೂತ.

"ಅಷ್ಟು ಕೆಟ್ಟಿದ್ದೀನೇನೋ ನಾನು?"

"ಗೊತ್ತಿಲ್ಲ ಕಣೋ. ನಾನೇನು ಡಾಕ್ಟರಾ? ಹೋಗಿ ಕೇಳಣ ಅಂತಿದ್ದೀನಿ."

"ನೀನೂ ಬರ್ತೀಯಾ?"

"ಬರ್ದೆ ಇರ್ತೀನಾ."

ಅಷ್ಟರಲ್ಲಿ ಉಳಿದವರು ಒಬ್ಬೊಬ್ಬರಾಗಿ ಮಂಜಿನೊಳಗಿಂದ ಏದುಸಿರು ಬಿಡುತ್ತ ಮೇಲೆ ಬಂದರು. ನೋರ್ಬೆರನ ಕೆಸರು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ವಾರ ಯಾರು ಮೊದಲು ಎಂದು ಒಬ್ಬ ಕೇಳಿದ. ಅವನ ಧ್ವನಿಯಲ್ಲಿ ಅನುಮಾನ ತುಂಬಿತ್ತು. ನೋರ್ಬೆರ್ ತಪ್ಪೊಪ್ಪಿಕೊಳ್ಳಲು ಗಂಟಲು ಸರಿಮಾಡಿಕೊಂಡ.

"ನೋರ್ಬೆರ್," ಎಂದ ಇವೋನ್, ಕೂತಲ್ಲಿಂದಲೇ. "ಇವ್ನೇ ಮೊದ್ಲು ಮುಟ್ಟಿದ್ದು. ನಾನು ನೋಡ್ದೆ."