ಸಿದ್ಧಲಿಂಗ ಆಪರೇಶನ್ ಮಾಡಿಸಿಕೊಂಡ

ಕುಬಿಹಾಳದ ಗಂಗಾಗೆ ತಲೆ ಸುತ್ತುವುದು ಹೊಸದಲ್ಲ. ಆದರೆ ಆ ದಿನ ಮೆಣಸಿನಕಾಯಿ ಬಿಡಿಸುತ್ತಿದ್ದವಳು ಬುಟ್ಟಿಯ ಸಮೇತ ಹೊಲದಲ್ಲೇ ಕುಸಿದುಬಿಟ್ಟಳು. ಗಂಡ ಸಿದ್ಧಲಿಂಗ ಓಡಿ ಬಂದು ಅವಳನ್ನು ಎತ್ತಿಕೊಂಡೇ ಮನೆ ಮುಟ್ಟಿಸಿದ. "ಏನ್ ಕಸುವಪಾ ಇವಂದು" ಎಂದು ದಾರಿಯಲ್ಲಿದ್ದವರು ಹೊಗಳಿದರು. ಆ ಹೊಗಳಿಕೆ ಅವನ ಕಿವಿಗೆ ಬೀಳಲಿಲ್ಲ. ಹೆಂಡತಿ ಇಷ್ಟು ಹಗುರಾಗಿದ್ದಾಳಲ್ಲ ಎಂಬುದೇ ಅವನನ್ನು ಚುಚ್ಚುತ್ತಿತ್ತು.

ಅವರಿಗೆ ಇಬ್ಬರು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ಗಂಗಾ ಬದುಕಿ ಬಂದದ್ದೇ ಹೆಚ್ಚು. ಮತ್ತೆ ಬಸುರಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆಪರೇಶನ್ ಮಾಡಿಸೋಣವೆಂದರೆ ಮೈಯಲ್ಲಿ ರಕ್ತವೇ ಸಾಲದು. ಹೋದಾಗಲೆಲ್ಲ "ರಕ್ತ ಏರಲಿ, ಆಮೇಲೆ ನೋಡೋಣ" ಎಂದು ತಿರುಗಿ ಕಳಿಸುತ್ತಿದ್ದರು.

ಮರುದಿನ ಊರಿನ ಆಶಾ ಕಾರ್ಯಕರ್ತೆ ರಜಿಯಾಬಿ ಮನೆಗೆ ಬಂದಳು. ಗಂಗಾಳ ಕಣ್ಣು, ಉಗುರು ನೋಡಿ, ಕಬ್ಬಿಣದ ಗುಳಿಗೆ ಕೊಟ್ಟು, ಅತ್ತೆ ಸಣ್ಣವ್ವನ ಬಾಜು ಕೂತಳು.

"ಯವ್ವಾ, ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆಪರೇಶನ್ ಗಂಗಾನ ಮಾಡಿಸ್ಕೋಬೇಕಂತ ಏನಿಲ್ಲ. ಸಿದ್ಧಲಿಂಗ ಅಣ್ಣಾನೂ ಮಾಡಿಸ್ಕೋಬಹುದು. ಗಂಡಸರದು ಅಗದಿ ಸಣ್ಣ ಆಪರೇಶನ್ರಿ."

ಜೋಳ ಹಸನು ಮಾಡುತ್ತಿದ್ದ ಸಣ್ಣವ್ವನ ಕೈ ಅಲ್ಲೇ ನಿಂತಿತು. "ಏನ್ ಮಾತಂತ ಆಡ್ತಿಯವ್ವ? ದುಡಿಯೋ ಗಂಡಸಂವ. ಕಸುವು ಹೋತಂದ್ರ ನಾಳೆ ಚೀಲಾ ಯಾರ್ ಎತ್ತಬೇಕು?"

"ಕಸುವು ಎಲ್ಲೂ ಹೋಗೂದಿಲ್ರಿ. ವೀರ್ಯದ ಬೀಜ ಹೊರಗ ಬರೋ ಸಣ್ಣ ನಳಿಗಿ ಇರ್ತಾವಲ್ಲ, ಅವನ್ನಷ್ಟ ಕಟ್ಟತಾರ. ದೊಡ್ಡ ಗಾಯ ಇಲ್ಲ, ಹೊಲಿಗಿ ಇಲ್ಲ. ಅವತ್ತ ಮನಿಗೆ ಬರಬಹುದು."

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಸಿದ್ಧಲಿಂಗ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೊರಟೇಬಿಟ್ಟ. ಅವನಿಗೆ ನಾಚಿಕೆಯಾಗಿತ್ತು, ಅಂಜಿಕೆಯೂ ಆಗಿತ್ತು. ಅಂಜಿಕೆಯಾಯಿತಲ್ಲ ಎಂದು ಇನ್ನಷ್ಟು ನಾಚಿಕೆ.

ಹೊಲದ ದಾರಿಯಲ್ಲಿ ಗೆಳೆಯ ಹನುಮೇಶ ಎತ್ತಿನ ಮೈ ತೊಳೆಯುತ್ತಿದ್ದ. ಗುಂಡುಕಲ್ಲು ಎತ್ತುವುದರಲ್ಲಿ ಸುತ್ತ ಹತ್ತೂರಿಗೆ ಅವನದೇ ಹೆಸರು. ಸಿದ್ಧಲಿಂಗ ಅವನ ಮುಂದೆ ಎಲ್ಲ ಹೇಳಿಕೊಂಡ. "ಗಂಡಸಾಗಿ ಹೆಂಗ ಮಾಡಿಸ್ಕೊಳ್ಳಲೋ?" ಎಂದ.

ಹನುಮೇಶ ಎತ್ತಿನ ಬೆನ್ನು ತಿಕ್ಕುತ್ತ, ತಲೆ ಎತ್ತದೆ ಹೇಳಿದ:

"ನಾ ಮಾಡಿಸ್ಕೊಂಡೇನಲ."

"ಏನಂದಿ?"

"ನಮ್ಮ ಸಣ್ಣಾಕಿ ಹುಟ್ಟಿದ ವರ್ಷ. ಒಂದ್ ವಾರ ಭಾರ ಎತ್ತಬ್ಯಾಡ ಅಂದಿದ್ರು, ಎತ್ತಲಿಲ್ಲ. ಮುಂದಿನ ವರ್ಷ ಜಾತ್ರ್ಯಾಗ ಗುಂಡ ಎತ್ತಿ ತಲಿಗೆ ಪಟಗಾ ಸುತ್ತಿಸ್ಕೊಂಡೆ. ನೀನ ಸೀಟಿ ಹೊಡದಿದ್ದಿ."

ಸಿದ್ಧಲಿಂಗ ಬಾಯಿ ತೆರೆದು ನಿಂತ. ಕೇಳಬೇಕಾದ ಮಾತು ಇನ್ನೊಂದಿತ್ತು, ನಾಲಿಗೆ ಏಳಲಿಲ್ಲ. ಹನುಮೇಶನಿಗೇ ಅರ್ಥವಾಯಿತು.

"ಹೊಲದಾಗೂ ಮೊದಲಿನಂಗ, ಮನ್ಯಾಗೂ ಮೊದಲಿನಂಗ. ತಿಳೀತಿಲ್ಲೋ?"

ತಿಳಿಯಿತು. ಎತ್ತು ಬೆಚ್ಚಿ ಬಾಲ ಬೀಸುವಷ್ಟು ಜೋರಾಗಿ ಇಬ್ಬರೂ ನಕ್ಕರು.

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲಲೇ?"

"ಮಂದಿ ನಗ್ತಾರಂತ" ಎಂದ ಹನುಮೇಶ.

ಮನೆಗೆ ಬಂದಾಗ ಗಂಗಾ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಸಿದ್ಧಲಿಂಗನೂ ಎದುರಿಗೆ ಕೂತು ತೊಟ್ಟು ಮುರಿಯತೊಡಗಿದ.

"ನಿನ್ನ ಎರಡನೇ ಹೆರಗಿ ದಿನ ದವಾಖಾನಿ ಹಿಂದ ನಿಂತು ಭಾಳ ಅತ್ತಿದ್ದೆ. ಮುಖಾ ತೊಳ್ಕೊಂಡು ಒಳಗ ಬಂದೆ" ಎಂದ.

ಗಂಗಾ ಅವನನ್ನೇ ನೋಡಿದಳು. "ನಿಮಗ ಏನೂ ಅನಿಸೇ ಇಲ್ಲ ಅಂತ ತಿಳಕೊಂಡಿದ್ದೆ. ಇಷ್ಟು ದಿನಾ ಅದೊಂದ ಕೊರಗಿತ್ತು ನನಗ."

"ನಾ ಆಪರೇಶನ್ನಿಗೆ ಹೋಗ್ತೇನಿ."

ಕಣ್ಣೊರೆಸಲು ಹೋದ ಗಂಗಾಳ ಕೈಗೆ ಮೆಣಸಿನ ಖಾರ. ಕಣ್ಣು ಉರಿದು ಅಳುವೂ ನಗುವೂ ಒಟ್ಟಿಗೇ ಬಂದವು. ಸಿದ್ಧಲಿಂಗ ನೀರಿಗೆ ಓಡಿದ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸಣ್ಣವ್ವ ಹೊಸ್ತಿಲಿಗೆ ಬಂದು ಕೂತಳು. "ನಮ್ಮಕ್ಕ ಏಳನೇ ಹೆರಗಿಯೊಳಗ ಹೋದಳು. ಅಕಿ ಗಂಡ ಇಂಥಾ ಮಾತು ಆಡಿದ್ರ ಇವತ್ತ ಇರ್ತಿದ್ದಳು. ಹೋಗಿ ಬಾರಪಾ" ಎಂದಳು.

ತಾಲ್ಲೂಕು ಆಸ್ಪತ್ರೆಗೆ ಹನುಮೇಶನೇ ಕರೆದುಕೊಂಡು ಹೋದ. ಇದು ಶಾಶ್ವತ, ಇನ್ನು ಮಕ್ಕಳು ಬೇಡವೇ ಬೇಡ ಎಂಬುದು ಖಾತ್ರಿಯಾಗಿದ್ದರೆ ಮಾತ್ರ ಮಾಡುತ್ತೇನೆ ಎಂದರು ಡಾಕ್ಟರು. ಆಪರೇಶನ್ ಆದ ಮೇಲೆ ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಸರಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ನಿರೋಧ್ ಬಿಡಬೇಕು ಎಂದೂ ತಿಳಿಸಿ ಹೇಳಿದರು. ಸಂಜೆಗೆ ಸಿದ್ಧಲಿಂಗ ಮನೆಯಲ್ಲಿದ್ದ. ಸಣ್ಣವ್ವ ಗೋದಿ ಹುಗ್ಗಿ ಮಾಡಿ ಕಾಯುತ್ತಿದ್ದಳು.

ವಿಶ್ರಾಂತಿಯ ದಿನಗಳಲ್ಲಿ ಅವನು ಮಗಳಿಗೆ ಜಡೆ ಹಾಕಿದ. ಒಂದು ಜಡೆ ಮೇಲೆ, ಒಂದು ಕೆಳಗೆ. "ನಮ್ಮಪ್ಪ ಹಾಕಿದ್ದು" ಎಂದು ಅವಳು ಶಾಲೆಯಲ್ಲೆಲ್ಲ ತೋರಿಸಿಕೊಂಡು ಬಂದಳು.

ಸುದ್ದಿ ಊರ ಕಟ್ಟೆಗೂ ಮುಟ್ಟಿತು. ಸಿದ್ಧಲಿಂಗ ಮೊದಲ ಸಲ ಹೊರಗೆ ಬಂದ ದಿನ ಒಬ್ಬ ಹಲ್ಲು ಕಿಸಿದ: "ಏನಪಾ, ಇನ್ನ ಸೀರಿ ಉಟ್ಕೊಳ್ಳಾಂವ ಏನು?"

ಕಟ್ಟೆಯೆಲ್ಲ ನಕ್ಕಿತು. ಮೂಲೆಯಲ್ಲಿದ್ದ ಹನುಮೇಶ ಎದ್ದು ನಿಂತ.

"ಹಂಗಾರ ನನಗೂ ಒಂದು ತರ್ರಿ. ದೊಡ್ಡದ ಇರಲಿ, ಸಣ್ಣದು ಸಾಲೂದಿಲ್ಲ. ನಾನೂ ಮಾಡಿಸ್ಕೊಂಡೇನಿ."

ಹನುಮೇಶ ಎಲ್ಲರ ಮುಖ ನೋಡಿದ. "ಅಷ್ಟು ದೊಡ್ಡ ಕಲ್ಲಿಗೆ ಅಂಜಲಿಲ್ಲ ನಾ. ನಿಮ್ಮ ನಗಿಗೆ ಅಂಜಿ ಇಷ್ಟು ವರ್ಷ ಬಾಯಿ ಮುಚ್ಕೊಂಡು ಕುಂತಿದ್ದೆ. ಇವತ್ತ ಹಗುರಾತು" ಎಂದ.

ಈ ಸಲ ಮೊದಲು ನಕ್ಕವರು ಕಟ್ಟೆಯ ಹಿರಿಯ ಅಬ್ದುಲಗನಿ. ಅವರ ಹಿಂದೆ ಇಡೀ ಕಟ್ಟೆ ನಕ್ಕಿತು. ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಕತ್ತಲಾಗುವ ಮೊದಲೇ ಕಟ್ಟೆಯ ಮೇಲಿದ್ದವರಲ್ಲಿ ಇಬ್ಬರು ರಜಿಯಾಬಿಯ ಮನೆ ಬಾಗಿಲಿಗೆ ಹೋಗಿ, "ಹಂಗ ಸುಮ್ನ ಕೇಳೂಣಂತ ಬಂದ್ವಿರಿ" ಎಂದು ತಲೆ ಕೆರೆದುಕೊಳ್ಳುತ್ತ ನಿಂತಿದ್ದರು.

ಮೂರು ತಿಂಗಳಾದ ಮೇಲೆ ಪರೀಕ್ಷೆಯೂ ಸರಿ ಬಂದು, ಗಂಗಾಗೆ ಈಗ ಬಸುರಿನ ಭಯವಿಲ್ಲ. ಗುಳಿಗೆ, ಸೊಪ್ಪು, ಹೊಟ್ಟೆ ತುಂಬ ಊಟ ಸೇರಿ ಮುಖಕ್ಕೆ ಕಳೆ ಬಂದಿದೆ. ಹೊಲದಲ್ಲಿ ಅವಳ ಹಾಡು ಈಗ ಮೂರು ಹೊಲದಾಚೆಗೂ ಕೇಳುತ್ತದೆ.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಮಕ್ಕಳು ಸಾಕು ಎನಿಸಿದಾಗ ಆಪರೇಶನ್ ಹೆಂಡತಿಯ ಪಾಲಿನದು ಎಂದು ಸುಮ್ಮನೆ ಬಿಡಬೇಡಿ. ಯಾರ ಒತ್ತಾಯವೂ ಬೇಡ. ಇಬ್ಬರೂ ಕೂತು ಮಾತಾಡಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಡಾಕ್ಟರ ಹತ್ತಿರ ಹೋಗಿ. ಅಂಜಿಕೆಯಾದರೆ ಅಂಜಿಕೆಯಾಗಿದೆ ಎಂದೇ ಹೇಳಿ. ಹಾಗೆ ಹೇಳಿದವನ ಮೀಸೆ ಉದುರಿದ್ದನ್ನು ಈ ಸೀಮೆಯಲ್ಲಿ ಇನ್ನೂ ಯಾರೂ ಕಂಡಿಲ್ಲ.