ಕರಾರಿಗೊಬ್ಬ ತಕರಾರುಗಾರ

ಬಾಯ್ಲರ್ ವಿಭಾಗದಲ್ಲಿ ಕಾನೂನಿಗಿಂತ ಗಟ್ಟಿಯಾದ ಕಟ್ಟಳೆಯೊಂದಿತ್ತು: ಸೋರಿಕೆ ಕಂಡವನೇ ಅದನ್ನು ಮುಚ್ಚಬೇಕು. ಹಾಗಾಗಿ ಅಲ್ಲಿ ಯಾರ ಕಣ್ಣಿಗೂ ಸೋರಿಕೆ ಬೀಳುತ್ತಿರಲಿಲ್ಲ. ನೆತ್ತಿಯ ಮೇಲೆ ಬಿಸಿನೀರು ತೊಟ್ಟಿಕ್ಕಿದರೂ ಬೆವರು ಎಂದುಕೊಂಡು ಒರೆಸಿಕೊಳ್ಳುತ್ತಿದ್ದರು.

ಇಂಥವರಿಗೆ ಕಂಪನಿ ಒಂದು ಕರಾರು ಕಳಿಸಿತು. ಹೊರದೇಶದಲ್ಲಿ ಹೊಸ ಕಾರ್ಖಾನೆ, ಎರಡು ವರ್ಷದ ಕೆಲಸ. ಕಾರ್ಮಿಕ ಸಂಘ ಒಪ್ಪಿದರೆ ವಿಭಾಗದ ಅಷ್ಟೂ ಮಂದಿಗೆ ವಿಮಾನ.

ಪೈಪ್ ಫಿಟ್ಟರನಿಗಂತೂ ಹೋಗಲೇಬೇಕಿತ್ತು. ಕಾರಣ ಅವನ ಷಡ್ಡಕ. ಆತ ಯಾವುದೋ ಕಾಲದಲ್ಲಿ ಪರದೇಶಕ್ಕೆ ಹೋಗಿ ಬಂದವನು. ಈಗಲೂ ಮಾವನ ಮನೆಯಲ್ಲಿ ಆತ "ನಾನಲ್ಲಿದ್ದಾಗ..." ಎಂದು ಎಳೆದರೆ ಸಾಕು, ಅತ್ತೆ ಮಿಕ್ಸಿ ನಿಲ್ಲಿಸಿ ಕೇಳುತ್ತಿದ್ದರು. ಫಿಟ್ಟರ್ ಬಾಯಿ ತೆರೆದರೆ ಮಿಕ್ಸಿ ಶುರುವಾಗುತ್ತಿತ್ತು.

ಸಂಜೆ ಅವನು ಕರಾರನ್ನು ಗಟ್ಟಿಯಾಗಿ ಓದುತ್ತಿದ್ದ. ಹೆಂಡತಿ ಬಟ್ಟೆ ಮಡಚುತ್ತ ಕೇಳುತ್ತಿದ್ದಳು.

"ನಿಲ್ಸಿ, ನಿಲ್ಸಿ. ವಾಪಸ್ ಬಂದ್ಮೇಲೆ ಜಾಗ ಖಾಲಿ ಇದ್ರೆ ಕೆಲಸ ಕೊಡ್ತೀವಿ ಅಂತಾನಾ? ಇಲ್ದಿದ್ರೆ?"

"ಇಲ್ದಿದ್ರೆ ಇಲ್ಲ."

"ಚೆನ್ನಾಗಿದೆ! ಹೋಗೋಕೆ ವಿಮಾನ, ಬಂದ್ಮೇಲೆ ನಿರ್ನಾಮ! ನಾಳೆ ಮೀಟಿಂಗಲ್ಲಿ ಕೇಳಿ."

"ಕೇಳಿದ್ರೆ ನನ್ನ ತಲೆಗೇ ಕಟ್ತಾರೆ ಕಣೇ. ಕಂಪನಿ ಜತೆ ಮಾತಾಡೋಕೆ ಹೋದವನು ತನ್ನ ಲಾಭ ನೋಡ್ಬಾರ್ದು ಅಂತ ಸಂಘದ ರೂಲು. ಫ್ಲೈಟಿಂದ ನನ್ನ ಹೆಸರು ಔಟು."

"ಹಾಗಾದ್ರೆ ಸುಮ್ನಿರಿ. ಬೇರೆ ಯಾರಾದ್ರೂ ಕೇಳ್ತಾರೆ."

ಬೇರೆಯವರ ಹೆಂಡತಿಯರೂ ಅಂದು ಅದನ್ನೇ ಹೇಳಿದ್ದರು.

ಮರುದಿನ ಕ್ಯಾಂಟೀನಿನಲ್ಲಿ ಸಭೆ. ಪ್ರತಿಯೊಬ್ಬನ ಕೈಯಲ್ಲೂ ಕರಾರಿನ ಪ್ರತಿ, ಪ್ರತಿಯೊಬ್ಬನ ಗ್ರೀಸು ಹೆಬ್ಬೆರಳೂ ಅದೇ ಸಾಲಿನ ಮೇಲೆ.

"ಏನಾದ್ರೂ ಅನುಮಾನ ಇದ್ರೆ ಕೇಳ್ರಪ್ಪಾ," ಎಂದರು ಸಂಘದ ಅಧ್ಯಕ್ಷರು.

ಕೆಮ್ಮು. ಕುರ್ಚಿಗಳ ಕಿರ್ರು. ಕೊನೆಗೆ ವೆಲ್ಡರ್ ಎದ್ದ.

"ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸೀನಿಯಾರಿಟಿ ಮೇಲೇನಾ?"

ಇದರ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು. ಆಮೇಲೆ ಹೊದಿಕೆ ಕೊಡುತ್ತಾರೋ ಇಲ್ಲವೋ ಎಂಬುದರ ಬಗ್ಗೆ ಅದಕ್ಕಿಂತ ಬಿಸಿ ಚರ್ಚೆ. ಫಿಟ್ಟರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬೊಬ್ಬರೂ ಸೂರು ನೋಡಿದರು.

"ಹಾಗಾದ್ರೆ ಸರ್ವಾನುಮತದಿಂದ..."

ಫಿಟ್ಟರನ ಕಣ್ಣಮುಂದೆ ಒಂದು ಚಿತ್ರ ಬಂತು: ಎರಡು ವರ್ಷದ ನಂತರ ಕೆಲಸವಿಲ್ಲದೆ ಮಾವನ ಮನೆಯ ಸೋಫಾದಲ್ಲಿ ಕೂತ ತಾನು, ಎದುರಿಗೆ ಅನುಕಂಪದಿಂದ ತಲೆಯಾಡಿಸುವ ಷಡ್ಡಕ! ಅವನ ಮೈ ಉರಿಯಿತು.

"ರೀ, ವಾಪಸ್ ಬಂದ್ಮೇಲೆ ಜಾಗ ಇರಲ್ಲ ಕಣ್ರೀ! ಎಲ್ರೂ ಓದಿದ್ದೀರಲ್ಲ, ನಾಲಿಗೆಗೆ ವೆಲ್ಡಿಂಗ್ ಮಾಡಿಸ್ಕೊಂಡಿದ್ದೀರಾ?"

ಕ್ಯಾಂಟೀನೇ ನಿಟ್ಟುಸಿರು ಬಿಟ್ಟಿತು. ಮೊದಲು ಚಪ್ಪಾಳೆ ತಟ್ಟಿದವನೇ ವೆಲ್ಡರ್.

"ಕಂಡ್ಬಿಟ್ಟ ಕಣ್ರೋ, ಇವ್ನು ಕಂಡ್ಬಿಟ್ಟ!"

"ಹಾಗಾದ್ರೆ ನೀನೇ ಮುಚ್ಚಪ್ಪ," ಎಂದರು ಅಧ್ಯಕ್ಷರು, ವಿಮಾನದ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಅಲ್ಲೇ ಗೀಟು ಎಳೆಯುತ್ತ.

"ಜತೆಗೆ ಇನ್ನೊಬ್ರಾದ್ರೂ ಬನ್ರೋ!"

"ಒಂದು ತೂತಿಗೆ ಇಬ್ಬರು ಯಾಕೋ?"

ಆ ಸಿಟ್ಟನ್ನೆಲ್ಲ ಫಿಟ್ಟರ್ ಮ್ಯಾನೇಜರನ ಕೋಣೆಗೆ ಹೋಗಿ ಅವನ ಮೇಲೆ ಕಾರಿದ.

"ಹೋದವರ ಜಾಗಕ್ಕೆ ಬೇರೆಯವ್ರನ್ನ ತಗೋಬಾರ್ದು. ಅವ್ರು ಬರೋವರ್ಗೂ ಖಾಲಿ ಇಡ್ಬೇಕು!"

"ಯಾರನ್ನೂ ತಗೋಬಾರ್ದಾ?" ಮ್ಯಾನೇಜರ್ ಪೆನ್ನು ಕೈಗೆತ್ತಿಕೊಂಡ.

"ಒಂದು ನರಪಿಳ್ಳೆನೂ!"

ಮ್ಯಾನೇಜರ್ ಹಾಗೇ ಬರೆದು ಸಹಿ ಹಾಕಿದ. ಬಿಸ್ಕತ್ತನ್ನೂ ಕೊಟ್ಟ. ಆಗಲಾದರೂ ಅನುಮಾನ ಬರಬೇಕಿತ್ತು.

ಗೆಳೆಯರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ವಾರದಲ್ಲಿ ಎಲ್ಲರೂ ಹಾರಿಹೋದರು. ಮರುದಿನ ಬೆಳಿಗ್ಗೆ ಫಿಟ್ಟರ್ ವಿಭಾಗಕ್ಕೆ ಕಾಲಿಟ್ಟರೆ ಬಾಯ್ಲರುಗಳೆಲ್ಲ ಉರಿಯುತ್ತಿದ್ದವು. ಮನುಷ್ಯರ ಸುಳಿವಿಲ್ಲ. ಒಂದೊಂದು ಜಾಗವೂ ಖಾಲಿ, ಅವನೇ ಹೋರಾಡಿ ಗೆದ್ದ ಖಾಲಿ. ಕವಾಟ ತಿರುಗಿಸಲು ಅವನು, ಬೆಸುಗೆ ಹಾಕಲು ಅವನು, ಒತ್ತಡ ನೋಡಲು ಅವನು. ಸಹಾಯಕ್ಕೆ ಒಬ್ಬನನ್ನು ಕೊಡಿ ಎಂದು ಕೇಳಿದರೆ ಮ್ಯಾನೇಜರ್ ಅವನ ಕರಾರನ್ನೇ ಅವನಿಗೆ ಓದಿ ಹೇಳಿದ.

ಮಧ್ಯಾಹ್ನ ಪರದೇಶದಿಂದ ಅಧ್ಯಕ್ಷರ ಫೋನು.

"ಏನಪ್ಪಾ, ನಮ್ಮ ಜಾಗದಲ್ಲಿ ಯಾರೂ ಬಂದು ಕೂತಿಲ್ಲ ತಾನೆ? ಹುಷಾರು!"

"ಯಾರೂ ಕೂತಿಲ್ಲ ಅಧ್ಯಕ್ಷರೇ! ಬೆಳಿಗ್ಗೆಯಿಂದ ನಾನೂ ಕೂತಿಲ್ಲ!"

ಅಷ್ಟರಲ್ಲಿ ಮೂಲೆಯ ಬಾಯ್ಲರು ಸೀಟಿ ಹೊಡೆಯಿತು. ಅವನು ಫೋನನ್ನು ಕಿಸೆಗೆ ತುರುಕಿಕೊಂಡು ಬೈಯುತ್ತ ಓಡಿದ.